ಡಿಕ್ಕಿಯೊಳಗಿನ ಏಟು

ನ್ಯೂ ಮೆಕ್ಸಿಕೋದ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಅಪ್ಪನ ಹಳೆ ಇಂಪಾಲಾ ಕಾರಿನ ಕೆಲಸ. ಅದರ ಡಿಕ್ಕಿಯ ಮುಚ್ಚಳದಲ್ಲಿದ್ದ ತಗ್ಗುಗಳನ್ನು ಎಷ್ಟು ಸಲ ತಟ್ಟಿ ಎಬ್ಬಿಸಿದರೂ ವಾರದೊಳಗೆ ಮತ್ತೆ ಬೀಳುತ್ತಿದ್ದವು. ಅಂದು ರೇಗಿದ ಅಪ್ಪ ಡಿಕ್ಕಿಯೊಳಗೇ ಹೋಗಿ ಮಲಗಿದ.

“ಮುಚ್ಚೇ ನಿಯೆವೆಸ್! ನಾನು ಒಳಗಿಂದ ಸುತ್ತಿಗೇಲಿ ಹೊಡೀತೀನಿ, ನೀನು ಮೇಲಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿ. ನಿಮ್ಮಮ್ಮನ ಥರ ಎಲ್ಲೋ ನೋಡ್ತಾ ನಿಲ್ಬೇಡ.”

ಮುಚ್ಚಿದೊಡನೆ ಅಪ್ಪ ಏನೋ ಕೂಗಿದ. ಅಷ್ಟರಲ್ಲೇ ಒಳಗಿಂದ ಏಟುಗಳು ಶುರುವಾದವು. ಒಂದೊಂದು ಏಟಿಗೂ ನನ್ನ ಮೊಣಕೈವರೆಗೆ ಜುಮ್ಮೆಂದಿತು. ಮಧ್ಯಾಹ್ನದ ಬಿಸಿಲಲ್ಲೂ ಮುಚ್ಚಳ ತಣ್ಣಗೆ ಕೊರೆಯುತ್ತಿತ್ತು.

“ಸಾಕಪ್ಪಾ, ಕೈ ನೋಯ್ತಿದೆ!”

ಏಟುಗಳು ಇನ್ನೂ ಜೋರಾದವು. ಮುಚ್ಚಳದ ಸಂದಿಯಿಂದ ರಕ್ತ ಬಂಪರಿನ ಮೇಲೆ ತೊಟ್ಟಿಕ್ಕಿತು. ಡಿಕ್ಕಿಯ ಕೀಗಾಗಿ ಸೊಂಟ ತಡಕಿದೆ. ಕೈಗೆ ಸಿಕ್ಕಿದ್ದು, ಬೆಲ್ಟಿಗೆ ಸಿಕ್ಕಿಸಿಕೊಂಡು ಅಪ್ಪನಿಗೆ ಕೊಡಲು ನಾನು ಮರೆತಿದ್ದ ಸುತ್ತಿಗೆ.