ನೀಲವ್ವನ ವಹಿಯ ಗಂಡಂದಿರು

ಕಲ್ಯಾಣದಿಂದ ಹೊರಟ ಬಸ್ಸಿನಲ್ಲಿ ಸರ್ವೋತ್ತಮ ಆ ವಹಿಯನ್ನು ಮೂರನೆಯ ಸಲ ತಿರುವಿಹಾಕಿದ. ಒಂದು ಪದ್ಯದಲ್ಲಿ ಸೋಮಣ್ಣ, ಮುಂದಿನದರಲ್ಲಿ ಬಸಲಿಂಗಪ್ಪ, ಅದರ ಮುಂದೆ ಸೈದಪ್ಪ. ಎಲ್ಲರ ಮೇಲೂ ತುಂಬು ಪ್ರೀತಿ. ಬರೆದವಳು ಮಾತ್ರ ಒಬ್ಬಳೇ, ಇನ್ನೂ ಮದುವೆಯಾಗದ ನೀಲವ್ವ. ಕುಂದಾಪುರದ ಕಡೆಯ ಈ ಸಭ್ಯಸ್ಥನಿಗೆ ಹೊಟ್ಟೆಯಲ್ಲಿ ಏನೋ ಉರಿಯಿತು. ಬೆಳಗಿನ ಉಸಳಿಯ ಖಾರವೆಂದುಕೊಂಡ, ಪಾಪ.

ಅವನು ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ೧೯೭೯ರಲ್ಲಿ ಕನ್ನಡ ಸಂಘದ ವಾರ್ಷಿಕ ಸಂಚಿಕೆ ಅವನ ಹೆಗಲಿಗೆ ಬಿದ್ದಿತ್ತು. ಮಲಂಗಗಡ ಬೆಟ್ಟದ ಬುಡದ ಹಳ್ಳಿಯಲ್ಲಿ ವಿಜಾಪುರ ಕಡೆಯ ನಾಲ್ವರು ಹೆಂಗಸರು ಪದ್ಯ ಬರೆಯುತ್ತಾರೆಂದು ಕೇಳಿ ಹಿಂದಿನ ಭಾನುವಾರ ಹೋಗಿ, ಈ ವಹಿ ತಂದಿದ್ದ. ಬೆಳಗ್ಗೆ ಸೊಪ್ಪು ಕಿತ್ತು ಕಲ್ಯಾಣದ ಪೇಟೆಗೆ ಕಳಿಸಿ, ಮಧ್ಯಾಹ್ನ ಮಹಾದೇವಕ್ಕನ ಮನೆಕಟ್ಟೆಯ ಮೇಲೆ ಕೂತು ಬರೆದದ್ದನ್ನು ಓದಿಕೊಳ್ಳುವವರು ಅವರು: ನೀಲವ್ವ, ರುದ್ರವ್ವ, ಚಂದ್ರಬಾಯಿ, ಮತ್ತೆ ಎಲ್ಲರಿಗೂ ಹಿರಿಯಳಾದ ಮಹಾದೇವಕ್ಕ. ಸಾಲು ಸಡಿಲಾದರೆ ಮಹಾದೇವಕ್ಕ ಮುಲಾಜಿಲ್ಲದೆ ಹೊಡೆದುಹಾಕುತ್ತಿದ್ದಳು. ಸಂಘದ ದೊಡ್ಡ ದೊಡ್ಡ ಕವಿಗಳಿಗೂ ಇಂಥ ಎದೆಗಾರಿಕೆ ಇರಲಿಲ್ಲ.

“ಇವರೆಲ್ಲ ಯಾರು ಮಾರಾಯ್ರೆ?” ಬಸ್ಸಿಳಿದು ಬಂದವನು ಕಟ್ಟೆಯ ಬಳಿ ನಿಂತು, ವಹಿಯ ಹೆಸರುಗಳನ್ನು ತೋರಿಸಿ ಕೇಳಿದ.

“ಗಂಡಂದಿರ್ರಿ,” ಅಂದಳು ನೀಲವ್ವ. ತುಟಿ ಬಿಗಿಹಿಡಿದಿದ್ದಳು, ಕಣ್ಣು ಆಗಲೇ ನಗುತ್ತಿದ್ದವು.

“ಇಷ್ಟು ಜನವಾ?”

“ಒಳಗ ಇನ್ನೊಂದು ವಹಿ ಐತ್ರಿ.”

ರುದ್ರವ್ವನಿಗೆ ನಗು ತಡೆಯಲಾಗಲಿಲ್ಲ. “ಒಡಪು ಅದಾವ್ರಿ ಅವು. ನಮ್ಮ ಕಡೆ ಮದುವ್ಯಾಗ, ಕುಬಸದಾಗ ಗಂಡನ ಹೆಸರು ಬರೇ ಹೇಳಂಗಿಲ್ಲ, ಪದ್ಯದಾಗಿಟ್ಟು ಹೇಳಬೇಕು. ಕಟ್ಟಾಕ ಬರದವ್ರು ಈಕಿ ಹತ್ರ ಬರ್ತಾರ. ‘ಮೆಂತ್ಯೆ ಮಡಿಗೆ ನೀರು ಹಾಯಿಸಿ ಮಾಡೀನಿ ಹಸಿರ, ನಾಕು ಮಂದಿ ಕೇಳಿದ್ರಂತ ಹೇಳ್ತೀನಿ ಚನ್ನಪ್ಪನವರ ಹೆಸರ.’ ಇದು ಚನ್ನಪ್ಪನ ಹೇಣ್ತಿಗೆ ಕೊಟ್ಟಿದ್ದು.”

ಸರ್ವೋತ್ತಮನ ಮುಖ ಅರಳಿತು. ಅಷ್ಟು ಅರಳಬಾರದಿತ್ತು. ನಾಲ್ವರು ಕವಿಗಳು ಅದನ್ನು ನೋಡಿಬಿಟ್ಟರು.

ಸಂಚಿಕೆ ಅಚ್ಚಾಯಿತು. ನೀಲವ್ವನ ಪದ್ಯಗಳಿಗೆ ಠಾಣೆ ಪಟ್ಟಣದ ಓದುಗರಿಂದಲೂ ಕಾಗದ ಬಂದವು. ಸಂಪಾದಕರ ಭಾನುವಾರದ ಬಸ್ಸು ಮಾತ್ರ ನಿಲ್ಲಲಿಲ್ಲ. ಮಾಘದ ಒಂದು ದಿನ ಸೊಪ್ಪಿನ ಮಡಿಗಳ ನಡುವೆ ಅವನು ಕೇಳಿಯೇಬಿಟ್ಟ.

“ಡೊಂಬಿವಲಿಯಲ್ಲಿ ನನ್ನದೊಂದು ಖೋಲಿ ಉಂಟು, ನೀಲವ್ವ. ನಳ ಉಂಟು, ಲೈಟ್ ಉಂಟು. ಮದುವೆಯಾಗಿ ಬರ್ತೀರಾ?”

ಅವಳ ಕೆನ್ನೆ ಕೆಂಪಾಯಿತು, ಆಮೇಲೆ ಮುಖ ಬಾಡಿತು.

“ಅಲ್ಲಿ ನನ್ನ ಸಾಲು ಯಾರು ಹೊಡದು ಹಾಕ್ತಾರ್ರಿ?” ಅಂದಳು ಮೆಲ್ಲಗೆ. “ಇವರಿಲ್ದ ನನಗ ಬರಿಯಾಕ ಆಗಂಗಿಲ್ಲ. ಬರಿಯೂದು ಬಿಟ್ಟ ನೀಲವ್ವನ್ನ ಕಟ್ಟಿಕೊಂಡು ನೀವರ ಏನು ಮಾಡ್ತೀರಿ?”

ಅವನು ಮಡಿಗಳನ್ನು ದಾಟಿ ಬಸ್ಸಿನ ಕಡೆಗೆ ನಡೆದ.

ಎರಡು ಭಾನುವಾರ ಅವನು ಬರಲಿಲ್ಲ. ನೀಲವ್ವ ಒಂದು ಸಾಲೂ ಬರೆಯಲಿಲ್ಲ. ಮೂರನೆಯದಕ್ಕೆ ಬಂದವನು ನೆಟ್ಟಗೆ ಮಹಾದೇವಕ್ಕನ ಎದುರು ನಿಂತ.

“ಅಕ್ಕಾ, ಇಲ್ಲೇ ಎಲ್ಲಾದರೂ ಒಂದು ಮನೆ ಬಾಡಿಗೆಗೆ ಸಿಗ್ತದಾ? ಡೊಂಬಿವಲಿಯ ಖೋಲಿ ಬಿಡ್ತೇನೆ.”

ಚಂದ್ರಬಾಯಿ ಓದುತ್ತಿದ್ದ ಪದ್ಯ ಅರ್ಧಕ್ಕೇ ನಿಂತಿತು.

“ದಿನಾ ಹೋಗಿ ಬರೂದು ಆಗ್ತದೇನ್ರಿ?” ನೀಲವ್ವ ಕೇಳಿದಳು.

“ಬಸ್ಸು, ಆಮೇಲೆ ಲೋಕಲ್ ಟ್ರೈನು. ಆಗ್ತದೆ.”

“ಮಳಿಗಾಲದಾಗ ಬಸ್ಸು ಬರಂಗಿಲ್ಲ.”

“ನಡೀತೇನೆ.”

ಮಹಾದೇವಕ್ಕ ಅವನನ್ನು ತಲೆಯಿಂದ ಕಾಲವರೆಗೆ ನೋಡಿದಳು. “ಈ ಸಾಲು ಗಟ್ಟಿ ಐತಿ. ಹೊಡಿಯಂಗಿಲ್ಲ,” ಅಂದು, ಉಳಿದಿಬ್ಬರನ್ನು ಎಬ್ಬಿಸಿಕೊಂಡು ಒಳಗೆ ನಡೆದಳು.

ಕಟ್ಟೆಯ ಮೇಲೆ ಇಬ್ಬರೇ ಉಳಿದರು. ಅವನು ಕಾದ. ಒಂದು ಒಡಪು ಬರಬಹುದೆಂದು ಅವನಿಗೆ ಆಸೆ.

“ಊರ ಗಂಡಂದಿರಿಗೆಲ್ಲಾ ಕಟ್ಟೀನ್ರಿ,” ಅಂದಳು ನೀಲವ್ವ, ಕಣ್ಣೊರೆಸಿಕೊಂಡು. “ಮೂರು ವಾರ ಕುಂತೆ. ನಿಮಗಂತ ಒಂದೂ ಹೊಂದಲಿಲ್ಲ. ಅದಕ್ಕ ಬರೇ ಹೇಳ್ತೀನಿ. ಸರ್ವೋತ್ತಮ, ನೀವಂದ್ರ ನನಗ ಜೀವ.”