ತುಂಡು ಗಂಟೆ, ಉದ್ದ ಗಂಟೆ

ಮಗಳ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಶಿವಕಾಂತಮ್ಮ ಇನ್ನೇನು ಹೆಣೆಯಬೇಕು, ಅಷ್ಟರಲ್ಲಿ ಪಡಸಾಲೆಯ ಫೋನು ಬಡಿದುಕೊಂಡಿತು.

ಕೈಯಲ್ಲಿದ್ದ ಮೂರು ಪಾಲೂ ಒಂದಾಗಿಹೋದವು. ಮಹಾನಂದಾ ಅಲುಗಾಡದೆ ಕುಳಿತಳು. ಫೋನು ಬಂದಾಗ ಅವ್ವನ ಬೆರಳು ತಣ್ಣಗಾಗುವುದು ಆ ಏಳು ವರ್ಷದ ಹುಡುಗಿಯ ಕತ್ತಿಗೆ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ ಇಂಥದೇ ಒಂದು ಮುಂಜಾನೆ, ಇದೇ ಕರಿ ಫೋನಿನಲ್ಲಿ, ಹುಮನಾಬಾದ್ ದಾರಿಯಲ್ಲಿ ಗಂಡ ಖಂಡೆಪ್ಪನ ಲಾರಿ ಉರುಳಿದ ಸುದ್ದಿ ಬಂದಿತ್ತು. ಗುರುತಿಲ್ಲದ ದನಿಯೊಂದು ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಕೇಳಿತ್ತು. ಅಷ್ಟು ಕೇಳಿದ್ದೇ ಅವಳಿಗೆ ಸಾಕಾಗಿತ್ತು.

ಫೋನು ತೆಗೆಸುವಂತೆಯೂ ಇರಲಿಲ್ಲ. ಮಾವ ಸಂಗಣ್ಣ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ. ಸೊಲ್ಲಾಪುರ, ಹೈದರಾಬಾದಿನ ಆರ್ಡರುಗಳು ಬರುವುದೇ ಅದರಲ್ಲಿ. ಬೆಳಗಾದರೆ ಮಾವ ಕಲ್ಲಿನ ಅಡ್ಡೆಗೆ ಹೋಗುತ್ತಿದ್ದರು. ಅತ್ತೆ ಅಮೃತಮ್ಮ ಮಗ ಹೋದ ಮೇಲೆ ಫೋನಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಎತ್ತುವ ಕೆಲಸ ಸೊಸೆಯದೇ ಆಗಿತ್ತು.

ಎತ್ತಿದರೆ, ಮತ್ತೆ ಆ ಮಿಕ್ಸಿಯವನು.

ಸ್ಟೇಷನ್ ರೋಡಿನಲ್ಲಿ ಹೊಸದಾಗಿ ಮಿಕ್ಸಿ ಮಾರುವ ಅಂಗಡಿ ತೆರೆದಿದ್ದ. ಊರಲ್ಲಿ ಫೋನಿದ್ದ ಮನೆಗಳು ಕೆಲವೇ ಕೆಲವು. ಹಾಗಾಗಿ ದಿನಾ ಬೆಳಗ್ಗೆ ಎಲ್ಲರ ಮನೆಗೂ ಅವನದೊಂದು ಸುತ್ತು ಫೋನು. ಮಾತಿಗೊಮ್ಮೆ ಅಕ್ಕಾರ ಎನ್ನುತ್ತಿದ್ದ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆಗುತ್ತದೆ, ಒರಳುಕಲ್ಲು ಹೊರಗೆ ಎಸೆಯಿರಿ ಎಂದು ಕಲ್ಲಿನ ವ್ಯಾಪಾರಿಯ ಮನೆಗೇ ಬುದ್ಧಿ ಹೇಳುತ್ತಿದ್ದ. ಬೇಡ ಎಂದರೆ ನಾಳೆ ಮಾಡುತ್ತೇನೆ ಎಂದು ಇಡುತ್ತಿದ್ದ.

ಅವತ್ತು ಮಾತ್ರ ಅವನು ಹೊಸ ದಾರಿ ಹಿಡಿದ. "ನಿಮ್ಮ ಯಜಮಾನ್ರ ಕೈಗಿ ಫೋನ್ ಕೊಡ್ರಿ ಅಕ್ಕಾರ. ಅವ್ರಿಗಿ ನಾ ಒಪ್ಪಿಸ್ತೀನಿ."

ಶಿವಕಾಂತಮ್ಮನಿಗೆ ಫೋನು ಇಡಬೇಕೆಂಬುದೂ ತೋಚಲಿಲ್ಲ. ಕಿವಿಗೆ ಹಿಡಿದುಕೊಂಡೇ ನಿಂತಳು. ಆಗ ನಡುವೆ ಇನ್ನೊಂದು ಗಂಡಸಿನ ದನಿ ಬಂತು. ಲೈನು ಕೆಟ್ಟಿದೆ, ಇಡಿರಿ ಎಂದು ಅಂಗಡಿಯವನನ್ನು ಕಳಿಸಿತು.

ಶಹಾಬಾದಿನ ಫೋನುಗಳಿಗೆ ಆಗಿನ್ನೂ ನಂಬರು ತಿರುಗಿಸುವ ಚಕ್ರ ಬಂದಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರೇ ಯಾರು ಬೇಕೆಂದು ಕೇಳಿ, ವೈರು ಚುಚ್ಚಿ, ಗಂಟೆ ಹೊಡೆಯಬೇಕು.

"ನಾನು ಎಕ್ಸ್‌ಚೇಂಜಿನಿಂದ ಜಗದೇವಪ್ಪ," ಎಂದಿತು ದನಿ. "ನೀವು ಅಂಜಿದ್ರಿ ಅನ್ನಿಸ್ತು."

ಯಾವತ್ತೂ ಯಾರಿಗೂ ಹೇಳದ್ದು ಅವಳ ಬಾಯಿಂದ ಜಾರಿತು. "ಗಂಟಿ ಆತಂದ್ರ ಯಾರೋ ಹೋದ್ರು ಅನ್ನಿಸ್ತದರಿ."



"ಹಂಗಾದ್ರ ಹಿಂಗ ಮಾಡೋಣ್ರಿ. ಗಂಟಿ ಹೊಡ್ಯಾವ ನಾನೇ ಅಲ್ಲೇನು. ಮಿಕ್ಸಿಯವಂದು ಇದ್ರ ಒಂದು ತುಂಡು ಗಂಟಿ. ಎತ್ತಬ್ಯಾಡ್ರಿ. ಉದ್ದ ಹೊಡದ್ರ ಕಲ್ಲಿನ ಆರ್ಡರ್."

"ಕೆಟ್ಟ ಸುದ್ದಿ ಬಂದ್ರ?"

"ಅದನ್ನ ನಿಮ್ಮ ಫೋನಿಗಿ ಕೊಡಂಗೇ ಇಲ್ರಿ. ನಾನೇ ಸೈಕಲ್ ಹೊಡ್ಕೊಂಡು ಬಂದು, ನಿಮ್ಮ ಬಾಗಲಾಗ ನಿಂತು ಹೇಳ್ತೀನಿ. ಅಂಥಾದ್ದು ವೈರಿನಾಗ ಕೇಳಬಾರದು."

ಮಹಾನಂದಾ ಅರ್ಧ ಜಡೆಯಲ್ಲೇ ಬಂದು, ಅವ್ವನ ಸೆರಗು ಹಿಡಿದು, ಫೋನಿಗೆ ಕಿವಿಕೊಟ್ಟು ನಿಂತಿದ್ದಳು. ಅವಳ ತುಟಿ ಅಲುಗಿತು. ಏನು ಮಗಳೇ ಎಂದು ಶಿವಕಾಂತಮ್ಮ ಕೇಳಿದರೆ ತಲೆ ಅಲ್ಲಾಡಿಸಿದಳು. ಅವತ್ತಿನಿಂದ ಹುಡುಗಿ ಏನೋ ಕೇಳಲು ಬಂದವಳಂತೆ ಬರುವಳು, ಅವ್ವನ ಮುಖ ನೋಡುವಳು, ನುಂಗಿಕೊಂಡು ಹೋಗುವಳು.

ಮರುದಿನ ತುಂಡು ಗಂಟೆ ಬಂತು. ರೊಟ್ಟಿ ಬಡಿಯುತ್ತಿದ್ದ ಶಿವಕಾಂತಮ್ಮನ ಎದೆ ಹಾರಿತು, ಆಮೇಲೆ ತಾನಾಗಿ ಕೆಳಗಿಳಿಯಿತು. ಹಿಟ್ಟಿನ ಕೈಯಲ್ಲೇ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ಆ ನಗುವಿಗೆ ಅಮೃತಮ್ಮ ಹಿತ್ತಲಿಂದ ಇಣುಕಿ ನೋಡಿದರು. 

ಉಪಕಾರವಾಯಿತು ಎಂದಾದರೂ ಹೇಳಬೇಡವೇ ಎಂದು ಒಂದು ದಿನ ಎಕ್ಸ್‌ಚೇಂಜಿಗೆ ತಾನಾಗಿಯೇ ಫೋನೆತ್ತಿದಳು. ಮಾರನೆಯ ದಿನ ನೆಪವೂ ಬೇಕಾಗಲಿಲ್ಲ. ಮಿಕ್ಸಿಯವನು ಎಲ್ಲೆಲ್ಲಿ ಬೈಸಿಕೊಂಡ ಎಂಬುದನ್ನು ಜಗದೇವಪ್ಪ ವರದಿ ಒಪ್ಪಿಸುತ್ತಿದ್ದ. ವಕೀಲರ ಮನೆಯ ಮುದುಕಿ ಅವನಿಗೇ ಹೆಣ್ಣು ತೋರಿಸುತ್ತೇನೆಂದು ಗಂಟು ಬಿದ್ದದ್ದು ಕೇಳಿ ಇಬ್ಬರೂ ನಕ್ಕರು. ತಾನು ಮುಧೋಳದವನು, ತಂಗಿಯರ ಮದುವೆ ಮುಗಿಸುವುದರಲ್ಲಿ ತನ್ನದು ಹಿಂದೆ ಬಿತ್ತು ಎಂದು ಜಗದೇವಪ್ಪ ಒಮ್ಮೆ ಹೇಳಿದ್ದ.

ಬಟ್ಟೆ ಹಿಂಡುವಾಗ ಒಂದು ದಿನ ಅವಳಿಗೆ ಹೊಳೆಯಿತು. ಊರ ಗಂಡಸರೆಲ್ಲ ತನ್ನನ್ನು ಅಕ್ಕಾ, ತಂಗೀ ಎನ್ನುತ್ತಾರೆ. ಈ ಮನುಷ್ಯ ಒಮ್ಮೆಯೂ ಅಂದಿಲ್ಲ. ಬರೀ "ರೀ" ಎನ್ನುತ್ತಾನೆ, ಅದೂ ಮೆಲ್ಲಗೆ. ಹಿಂಡಿದ ಸೀರೆಯನ್ನೇ ಮತ್ತೆ ನೀರಿಗೆ ಅದ್ದಿದಳು.

ಆಮೇಲೊಂದು ಬೆಳಗ್ಗೆ ಫೋನೆತ್ತಿದರೆ ಬೇರೆ ದನಿ. ಜಗದೇವಪ್ಪನಿಗೆ ಜ್ವರ, ರಜೆಯಲ್ಲಿದ್ದಾನೆ ಎಂದಿತು.  ಸಾದಾ ಜ್ವರವೋ, ಇನ್ನೇನೋ? ಆಸ್ಪತ್ರೆಗೆ ಒಯ್ದರೋ? ಯಾರನ್ನು ಕೇಳುವುದು, ಅವನು ತನಗೆ ಏನಾಗಬೇಕೆಂದು ಹೇಳಿ ಕೇಳುವುದು? ಮಾವ, ಅತ್ತೆ, ಮಗಳು, ಇಷ್ಟು ಜನರಿಗಾಗಿ ಅಂಜುತ್ತಿದ್ದವಳು ಈಗ ಮುಖವನ್ನೇ ನೋಡದ ಒಬ್ಬನಿಗಾಗಿ ಅಂಜುತ್ತಿದ್ದಾಳೆ ಎಂಬುದು ಅವಳನ್ನು ಇನ್ನಷ್ಟು ಅಂಜಿಸಿತು. ಅವನು ಗುಣವಾಗಿ ಬಂದ ಮೇಲೂ ಆರ್ಡರಿಗಲ್ಲದೆ ಫೋನೆತ್ತಲಿಲ್ಲ. ತುಂಡು ಗಂಟೆ ಬರುತ್ತಿತ್ತು, ಹೋಗುತ್ತಿತ್ತು. ಕಳೆದುಕೊಳ್ಳುವವರನ್ನು ಹೆಚ್ಚು ಮಾಡಿಕೊಳ್ಳಬಾರದು ಎಂದು ಮನಸ್ಸು ಗಟ್ಟಿ ಮಾಡಿದ್ದಳು.

ಒಂದು ಶನಿವಾರ ಮಾವ ಲಾರಿಯ ಜೊತೆ ಪಕ್ಕದ ವಾಡಿ ಊರಿಗೆ ಹೋಗಿದ್ದರು. ಶಿವಕಾಂತಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಸೈಕಲ್ಲೊಂದು ಬಂದು ನಿಂತಿತು. ಎತ್ತರದ, ತೆಳ್ಳನೆಯ ಆಳು. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಅಂಟಿತ್ತು. ಅವನ ಮುಖ ಬಿಳಿಚಿತ್ತು.

"ನಾನ್ರಿ, ಜಗದೇವಪ್ಪ. ಎಕ್ಸ್‌ಚೇಂಜಿನಿಂದ."

ಅವಳ ಕೈಯ ಕೊಡ ಜಾರಿ ಉರುಳಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮಾವಗ ಏನಾತು?"

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ತಾನೇ ಆಡಿದ ಮಾತು ನೆನಪಾಗಿ, ಸೈಕಲ್ಲನ್ನು ಅಲ್ಲೇ ಬಿಟ್ಟು ಓಡಿ ಬಂದ. ಯಾರಿಗೂ ಏನೂ ಆಗಿಲ್ಲ, ಯಾರಿಗೂ ಏನೂ ಆಗಿಲ್ಲ ಎಂದು ಅದನ್ನೇ ಹೇಳಿದ. ಅಷ್ಟರಲ್ಲಿ ಅಮೃತಮ್ಮ ಒಳಗಿಂದ ಎದೆ ಬಡಿದುಕೊಳ್ಳುತ್ತ ಬಂದರು. ಅವರಿಗೂ ಹೇಳಬೇಕಾಯಿತು. ಇವನು ಬರುವ ವಿಷಯ ರಾತ್ರಿಯೇ ಗಂಡನಿಂದ ಕೇಳಿದ್ದ ಮುದುಕಿ ಗೋಡೆಗೊರಗಿ ಉಸಿರು ತಿರುಗಿಸಿಕೊಂಡು, "ಒಳ್ಳೇ ಮಾತಾಡಲಿಕ್ಕ ಇಂಥಾ ಮಾರಿ ಮಾಡ್ಕೊಂಡು ಬರ್ತಾರೇನೋ ತಮ್ಮಾ?" ಎಂದರು.

ಶಿವಕಾಂತಮ್ಮ ಹೊಸ್ತಿಲ ಮೇಲೆ ಕುಸಿದು ಅಳುತ್ತಿದ್ದಳು. ಅವನು ಅಂಗಳದ ಹಸಿಯಲ್ಲೇ ದೂರ ಕುಳಿತು ಬಂದ ಕಾರಣ ಹೇಳಿದ. ಚಿಂಚೋಳಿಗೆ ವರ್ಗವಾಗಿದೆ. ಸೋಮವಾರದಿಂದ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಬೇರೆಯವರು ಕೂರುತ್ತಾರೆ. ನಿನ್ನೆ ಕಲ್ಲಿನ ಅಡ್ಡೆಗೆ ಹೋಗಿ ಸಂಗಣ್ಣನವರ ಮುಂದೆ ಉಡಕಿಯ ಮಾತು ಎತ್ತಿದ್ದನಂತೆ, ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಮಾತು. ಮಾವ, ಅವಳ ಬಾಯಿಂದಲೇ ಕೇಳು, ಅವಳು ಹೂಂ ಅಂದರೆ ನಾವು ಅಡ್ಡ ಬರುವವರಲ್ಲ ಎಂದಿದ್ದರಂತೆ.

ಶಿವಕಾಂತಮ್ಮ ತಲೆ ಎತ್ತಿದಳು. ಅವನ ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತಿತ್ತು. ಕಣ್ಣುಗಳು ಅವನ ದನಿಯ ಹಾಗೇ ಮೆತ್ತಗಿದ್ದವು.

"ನನಗ ಅಂಜಿಕಿ ಭಾಳ ಅದರಿ. ನಿಮಗ ಜ್ವರ ಬಂತಂದಾಗೇ ಅರ್ಧ ಸತ್ತಿದ್ದೆ. ದಿನಾ ಹಂಗ ಬದುಕ್ಲಿಕ್ಕ ನನ್ನ ಕೈಲಿ ಆಗಂಗಿಲ್ಲ."

ಅವನು ಸಮಾಧಾನದ ಮಾತು ಹುಡುಕಲಿಲ್ಲ. "ನನಗ ಏನೂ ಆಗಂಗಿಲ್ಲ ಅಂದ್ರ ಸುಳ್ಳಾಗ್ತದ. ನೀವು ಫೋನ್ ಎತ್ತದಿದ್ದಾಗ ನಾನೂ ಹಂಗೇ ಸತ್ತೀನಿ. ಜೋಡಿ ಅಂಜೋಣ್ರಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಗು ಬಂತು. ಅದನ್ನು ಸೆರಗಿನೊಳಗೇ ಬಚ್ಚಿಟ್ಟಳು.

"ಚಿಂಚೋಳ್ಯಾಗ ಮನಿ ಹಿಡಿದ್ರ," ಎಂದಳು, "ಅದರಾಗ ಫೋನ್ ಇರಬಾರದು."

ಅಮೃತಮ್ಮ ಕಣ್ಣು ಒರೆಸಿಕೊಳ್ಳುತ್ತ, ಹುಡುಗನನ್ನು ಬಿಸಿಲಲ್ಲಿ ಯಾಕೆ ಕೂರಿಸಿದ್ದೀ, ಒಳಗೆ ಕರಿ ಎಂದು ಚಹಾಕ್ಕಿಡಲು ಹೋದರು.

ಪಾಟಿಚೀಲ ಹೆಗಲಿಗೆ ಹಾಕಿಕೊಂಡ ಮಹಾನಂದಾ ಕಂಬದ ಮರೆಯಿಂದ ಈಚೆ ಬಂದಳು. ಅವ್ವನನ್ನು ದಾಟಿ ಹೋಗಿ ಅವನೆದುರು ನಿಂತಳು. ತುಟಿ ಅಲುಗಿತು.  ಹುಡುಗಿ ಈ ಸಲ ನುಂಗಲಿಲ್ಲ.

"ಯಾರಿಗರ ಏನರ ಆದ್ರ ನೀವು ಬಂದು ಹೇಳ್ತೀರಿ. ನಿಮಗೇ ಏನರ ಆತಂದ್ರ, ನಮಗ ಯಾರು ಬಂದು ಹೇಳ್ತಾರ್ರಿ?"