ತೊರವಿಯ ಮನೆ

"ನಿನ್ನ ಹೆಸರು ಬರಸಿಲ್ಲ," ಎಂದಳು ಅತ್ತೆ ಮಲ್ಲಕ್ಕ, ಸೊಪ್ಪು ಬಿಡಿಸುತ್ತಲೇ. "ನೀ ಇರಲಿಲ್ಲಲ್ಲ."

ಮಹಾದೇವಿ ಬಾಗಿಲಲ್ಲೇ ನಿಂತುಬಿಟ್ಟಳು. ಮಹಾನಗರದ ಆಂಟಾಪ್ ಹಿಲ್‌ನ ಚಾಳಿನ ಈ ಒಂದೇ ಖೋಲಿಯಲ್ಲಿ ಅವಳು ಹದಿನೆಂಟು ವರ್ಷ ಬಾಳಿದ್ದಳು. ತೀರಿಹೋದ ಗಂಡ ಖಂಡಪ್ಪನ ವರ್ಷದ ಕಾರ್ಯ ಊರಾದ ತೊರವಿಯಲ್ಲೇ ಆಗಬೇಕೆಂದು ಅತ್ತೆಯೇ ಅವಳನ್ನು ನಾಲ್ಕು ದಿನಕ್ಕೆ ಕಳಿಸಿದ್ದಳು. ಆ ನಾಲ್ಕು ದಿನಗಳಲ್ಲೇ, ಚಾಳು ಕೆಡವಿ ಹೊಸ ಬಿಲ್ಡಿಂಗ್ ಕಟ್ಟುವವರು ಸರ್ವೆಗೆ ಬಂದು ಮನೆಮಂದಿಯ ಹೆಸರು ಬರೆದುಕೊಂಡಿದ್ದರು. ಅತ್ತೆಗೆ ತಾರೀಖು ತಿಂಗಳ ಮೊದಲೇ ಗೊತ್ತಿತ್ತು...

ಹೊಸ ಮನೆಗೆ ಹಕ್ಕುಳ್ಳವರ ಪಟ್ಟಿಯಲ್ಲಿ ಮಲ್ಲಕ್ಕ, ಮಕ್ಕಳಿಲ್ಲದ ಕಿರಿಯ ಮಗ ಕಾಶಿನಾಥ, ಅವನ ಹೆಂಡತಿ ರೂಪಾಲಿ. ನಾಲ್ಕನೆಯ ಹೆಸರು ಸೋನಾಲಿ, ತಂದೆ ಕಾಶಿನಾಥ. ಮಹಾದೇವಿ ಅದನ್ನು ಎರಡು ಸಲ ಓದಿದಳು. ಸೋನಾಲಿ ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು!

"ತೊರವ್ಯಾಗಿನ ಮನಿ ನಿನಗ ಕೊಟ್ಟೇನಿ. ಸುಲ್ತಾನರ ರಾಜಧಾನಿ ಅದು. ರಾಣಿ ಹಂಗ ಇರು," ಎಂದಳು ಅತ್ತೆ.

ಆ ರಾಜಧಾನಿಯನ್ನು ಮಹಾದೇವಿ ಮೊನ್ನೆಯಷ್ಟೇ ನೋಡಿದ್ದಳು. ಆದಿಲಶಾಹಿ ಸುಲ್ತಾನ ಕಟ್ಟಿಸಿದ ನವರಸಪುರವಿದ್ದ ತೊರವಿ ಈಗ ವಿಜಯಪುರದ ಹೊರವಲಯ. ಸುತ್ತೆಲ್ಲ ಲೇಔಟು, ಬಣ್ಣ ಬಳಿದ ಮನೆಗಳು. ಇವರ ಮನೆ ಮಾತ್ರ ಹಳೆಯ ಕೋಟೆಗೋಡೆಗೆ ಆತುಕೊಂಡು, ಮಾಳಿಗೆ ಕುಸಿದು ಬಿದ್ದಿತ್ತು. ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲವೆಂದು ಪಕ್ಕದಲ್ಲೇ ಫಲಕವಿತ್ತು.

ಸರ್ವೆಯವರಿಗೆ ತಾನು ತಕರಾರು ಕೊಡುವುದಾಗಿ ಮಹಾದೇವಿ ಹೇಳಿದಳು. ಕಾಶಿನಾಥ ಮೊಬೈಲಿನಿಂದ ತಲೆಯೆತ್ತಲಿಲ್ಲ.

"ಕೊಡು," ಎಂದಳು ಅತ್ತೆ ತಣ್ಣಗೆ. "ಹುಡುಗಿ ಹೆಸರೂ ತಗಸ್ತೀನಿ. ತಾಯಿ ಮಗಳು ಕೂಡೇ ಆ ಬಿದ್ದ ಮನ್ಯಾಗ ಮಲಗ್ರಿ."

ಮಧ್ಯಾಹ್ನ ಖೋಲಿಯ ಅಳತೆ ಉಳಿದಿದೆಯೆಂದು ಸರ್ವೆಯವನು ಮತ್ತೆ ಬಂದ. ಹೊಸ ಮುಖ ಕಂಡು, ಇವರು ಯಾರೆಂದು ಮರಾಠಿಯಲ್ಲಿ ಕೇಳಿದ. ನಿಜ ಮಹಾದೇವಿಯ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಹತ್ತನೆಯ ತರಗತಿಯ ಪುಸ್ತಕ ಹಿಡಿದು ಕೂತ ಮಗಳು ಕಣ್ಣಿಗೆ ಬಿದ್ದಳು... ಮುಂದಿನ ತಿಂಗಳು ಪರೀಕ್ಷೆ. ತಾನು ಊರಿನಿಂದ ಬಂದವಳು, ಇವತ್ತೇ ಹೊರಡುತ್ತೇನೆ ಎಂದಳು ಮಹಾದೇವಿ.

ಅವನು ಹುಡುಗಿಯತ್ತ ತಿರುಗಿ, ಇವರು ನಿನಗೇನಾಗಬೇಕು ಎಂದ. ಅಜ್ಜಿಯ ಕೈ ಹುಡುಗಿಯ ಹೆಗಲ ಮೇಲಿತ್ತು.

"ಕಾಕು," ಎಂದಳು ಸೋನಾಲಿ, ಪುಸ್ತಕದಿಂದ ಕಣ್ಣು ಕೀಳದೆ. "ಊರಿನ ಕಾಕು."

ಹೌದು, ಚಿಕ್ಕಮ್ಮನೇ ಎಂಬಂತೆ ಮಹಾದೇವಿ ತಲೆಯಾಡಿಸಿದಳು.

ಮಲ್ಲಕ್ಕ ಎದ್ದು, ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ಸೊಸೆಯ ಮುಂದಿಟ್ಟಳು. ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಅವಳನ್ನು ಬಹುವಚನದಲ್ಲಿ ಮಾತಾಡಿಸಿದಳು.

"ಕುಂಡ್ರಿ. ಚಹಾ ಕುಡದು ಹೋಗ್ರಿ."